ಹ್ಯಾಂಡ್‌ಪೋಸ್ಟಿನ ಫ್ಲೆಕ್ಸ್

ಕೆಂಚಪ್ಪ ತೀರಿಕೊಂಡದ್ದು ಸೋಮವಾರ ಬೆಳಿಗ್ಗೆ. ಒಬ್ಬನೇ ಮಗ ಸುನಿಲ್ ಮೈಸೂರಿನ ಜೈಲಿನಲ್ಲಿದ್ದ. ಬದುವಿನ ಜಗಳದಲ್ಲಿ ಪಕ್ಕದ ಹೊಲದ ಸಿದ್ಧಾರ್ಥನನ್ನು ಗುದ್ದಲಿಯಿಂದ ಹೊಡೆದು ಕೊಂದದ್ದಕ್ಕೆ ಜೀವಾವಧಿ ಶಿಕ್ಷೆ; ಇದು ನಾಲ್ಕನೆಯ ವರ್ಷ. ಕೆಂಚಪ್ಪನಿಗೆ ಕೊಳ್ಳಿ ಇಟ್ಟವನು ತಮ್ಮನ ಮಗ ಚೈತನ್ಯ. ಹನ್ನೊಂದನೆಯ ದಿನದ ತಿಥಿಗಾದರೂ ಗಂಡ ಬರಲೆಂದು ಸುನಿಲ್‌ನ ಹೆಂಡತಿ ಮಾಲಿನಿ ಪೆರೋಲ್‌ಗೆ ಅರ್ಜಿ ಹಾಕಿಸಿದಳು.

ಅರ್ಜಿಯ ಬಗ್ಗೆ ವರದಿ ಬರೆಯಬೇಕಾದ ದಫೇದಾರರು ಮನೆಗೇ ಬಂದರು.

"ಸತ್ತವನ ಮನೆಯೋರು ತಕರಾರಿಲ್ಲ ಅಂದ್ರೆ ಮುಕ್ಕಾಲು ಕೆಲಸ ಆದಂಗೆ ಕಣಮ್ಮ. ಜೊತೆಗೆ ಊರಿನ ಇಬ್ಬರ ರುಜು ಬೇಕು."

ಸಿದ್ಧಾರ್ಥನ ತಾಯಿ ವೆಂಕಟಲಕ್ಷ್ಮಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ನಾಲ್ಕು ವರ್ಷದಿಂದ ಎರಡು ಮನೆಗೂ ಮಾತಿಲ್ಲ. ಒಪ್ಪಿಗೆ ಕೇಳಲು ಬಂದ ಮಾಲಿನಿಗೆ ಕೂರು ಎನ್ನಲಿಲ್ಲ.

"ನಿನ್ ಮಾವ ನನ್ ಮಗನ ಹೆಣಕ್ಕೆ ಹೆಗಲು ಕೊಟ್ಟೋನು. ಬ್ಯಾಡ ಅಂದ್ರೂ ಬಂದ," ಎಂದು ಮೊರ ಕೆಳಗಿಟ್ಟಳು. "ತಿಥಿ ಮಾಡ್ಕಂಡು ಹೋಗ್ಲಿ. ಅವನ ಮೊಕ ಮಾತ್ರ ನನ್ ಕಣ್ಣಿಗೆ ಬೀಳಬಾರದು ಕಣೇ."

ಠಾಣೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಚೈತನ್ಯ ರುಜು ಹಾಕಲಿಲ್ಲ. "ಅಣ್ಣ ವಾಪಸ್ ಹೋಗದಿದ್ರೆ ನನ್ನ ಹಿಡೀತಾರೆ ಅತ್ತಿಗೆ. ಟೆನ್ಷನ್ ತಗಾಬ್ಯಾಡಿ, ಹುಡುಗ್ರೆಲ್ಲ ನಿಮ್ ಜೊತೆಗೇ ಅವ್ರೆ." ಕೊನೆಗೆ ರುಜು ಹಾಕಿದವರು ಅಂಗನವಾಡಿಯ ಆಶಾರಾಣಿ ಮತ್ತು ಅವಳ ಅತ್ತೆ.

ಮೂರು ದಿನದ ನಂತರ ಗಂಡಸಿ ಹ್ಯಾಂಡ್‌ಪೋಸ್ಟಿನ ಸರ್ಕಲ್ಲಿನಲ್ಲಿ ಹನ್ನೆರಡು ಅಡಿ ಅಗಲದ ಫ್ಲೆಕ್ಸ್ ಎದ್ದಿತು. ಮೂಲೆಯಲ್ಲಿ ಕೆಂಚಪ್ಪನಿಗೆ ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ಕಪ್ಪು ಕನ್ನಡಕದ ಸುನಿಲ್, ಅವನ ಕೆಳಗೆ 'ಅಣ್ಣನಿಗೆ ಹುಟ್ಟೂರಿಗೆ ಸ್ವಾಗತ'. ಸುತ್ತ ಹಿತೈಷಿಗಳ ಇಪ್ಪತ್ತಾರು ಮುಖ, ಮೊದಲನೆಯದು ಚೈತನ್ಯನದು.

ಸಂತೆಗೆಂದು ಅರಸೀಕೆರೆಗೆ ಹೊರಟಿದ್ದ ವೆಂಕಟಲಕ್ಷ್ಮಮ್ಮ ಅದನ್ನು ಬಸ್ಸಿನ ಕಿಟಕಿಯಿಂದ ಕಂಡಳು. ಅಲ್ಲೇ ಇಳಿದು ಠಾಣೆಗೆ ನಡೆದು, ಒಪ್ಪಿಗೆ ವಾಪಸ್ ಪಡೆದಳು. ದಫೇದಾರರು ಫ್ಲೆಕ್ಸಿನ ಫೋಟೊ ಲಗತ್ತಿಸಿ, ಊರಿನ ಶಾಂತಿ ಕದಡುವ ಸಂಭವವಿದೆ ಎಂದು ಬರೆದರು. ಒಂಬತ್ತನೆಯ ದಿನ ಅರ್ಜಿ ತಿರಸ್ಕೃತವಾಯಿತು.

"ನಿಮಗೋಸ್ಕರಾನೇ ಹಾಕ್ಸಿದ್ದು ಅತ್ತಿಗೆ," ಎಂದ ಚೈತನ್ಯ. "ಊರೇ ಬೆಂಬಲಕ್ಕೈತೆ ಅಂತ ಪೊಲೀಸ್ರಿಗೆ ಗೊತ್ತಾಗ್ಲಿ ಅಂತ."

"ಗೊತ್ತಾಯ್ತು," ಎಂದಳು ಮಾಲಿನಿ.

ತಿಥಿಯನ್ನೂ ಚೈತನ್ಯನೇ ಮಾಡಿದ. ಇಪ್ಪತ್ತಾರು ಜನರೂ ಬಂದರು. ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಜೈಲಿನಿಂದ ಸುನಿಲ್‌ನ ಫೋನ್ ಬಂತು. ಸಿಗುವುದು ಐದು ನಿಮಿಷ.

"ಜನ ಬಂದವ್ರಾ?"

"ಎಲ್ಲಾ ಬಂದವ್ರೆ."

"ಪೆರೋಲ್ ತಪ್ಪಿಸಿದ್ದು ಆ ಮುದುಕಿ ತಾನೆ?"

"ಇಲ್ಲ ಕಣ್ರೀ. ಆವಮ್ಮ ಬೆಟ್ಟು ಒತ್ತಿದ್ಲು. ಇವ್ರೇ..."

ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಚೈತನ್ಯ ಫೋನನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಅಣ್ಣಾ, ಅತ್ತಿಗೆ ಅಳ್ತಾವ್ರೆ. ನೀನೇನೂ ಯೋಚ್ನೆ ಮಾಡ್ಬ್ಯಾಡ, ನಾವಿದ್ದೀವಿ."

ಮಾಲಿನಿ ಅಳುತ್ತಿರಲಿಲ್ಲ. ಉಳಿದ ನಾಲ್ಕು ನಿಮಿಷವೂ ಅವನೇ ಮಾತನಾಡಿದ.