ಭಾವನಿಗೆ ಬೇಕಾದ ದನಿ

ಭಾವ ಹೊಸ ಗಿಟಾರನ್ನು ರಿಪೇರಿ ಅಂಗಡಿಯ ಮೇಜಿನ ಮೇಲೆ ಮಲಗಿಸಿ, ತನಗೆ ಹಳೆಯ ರೆಕಾರ್ಡಿನ ದನಿಯೇ ಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಎಂದ. ಇಪ್ಪತ್ತೆರಡು ವರ್ಷದ ಹಿಂದೆ ಅವರ ರಾಕ್ ತಂಡ ತಂದ ಒಂದೇ ಒಂದು ರೆಕಾರ್ಡ್ ಅದು. ಅದರ ಮೂರನೇ ಹಾಡಿನ ನಡುವೆ ಬರುವ ಗಿಟಾರಿನಿಂದಲೇ ಭಾವನಿಗೆ ಹೆಸರು ಬಂದದ್ದು. ಈಗ ತಂಡ ಮತ್ತೆ ಒಂದಾಗಿ ವೇದಿಕೆ ಹತ್ತುವುದಿತ್ತು.

ರಿಪೇರಿಯವನು ಆಗಲಿ ಎಂದ. ಅಕ್ಕನ ಗಂಡ, ಇಲ್ಲ ಅನ್ನುವ ಮಾತೇ ಇರಲಿಲ್ಲ. ರಿಪೇರಿಯವನೂ ಆಗ ಅದೇ ತಂಡದಲ್ಲಿದ್ದವನು. ಆ ಸ್ವರಗಳನ್ನು ಕಟ್ಟಿದ್ದೂ, ಸ್ಟುಡಿಯೋದಲ್ಲಿ ಮೊದಲು ನುಡಿಸಿದ್ದೂ ಅವನೇ. ಮಾರನೆಯ ದಿನವೇ ಕಾಮಾಲೆಯಾಗಿ ಎರಡು ತಿಂಗಳು ಹಾಸಿಗೆ ಹಿಡಿದ. ಎದ್ದು ಓಡಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟೇಪು ಕೆಟ್ಟುಹೋಯಿತು, ಅದಕ್ಕೆ ನಾನೇ ಮತ್ತೆ ನುಡಿಸಿದೆ ಎಂದಿದ್ದ ಭಾವ. ರೆಕಾರ್ಡ್ ಕೇಳಿ ಅವನಿಗೆ ಹೊಟ್ಟೆಕಿಚ್ಚೂ ಆಗಲಿಲ್ಲ. ತಾನು ಕಟ್ಟಿದ್ದನ್ನು ಭಾವ ತನಗಿಂತ ಎಷ್ಟೋ ಚೆನ್ನಾಗಿ ನುಡಿಸಿದ್ದಾನೆ ಅನ್ನಿಸಿತು. ಗಿಟಾರ್ ನುಡಿಸುವುದು ಬಿಟ್ಟು, ವೈರು ಬೆಸೆಯುವ ಸೋಲ್ಡರಿಂಗ್ ಐರನ್ ಹಿಡಿದ.

ತಂತಿಗಳ ಕೆಳಗೆ ಕೂತು ಅವುಗಳ ಕಂಪನ ಹಿಡಿಯುವ ಪಿಕಪ್ ಅಂದರೆ ಒಂದಿಷ್ಟು ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳ್ಳನೆಯ ತಾಮ್ರದ ತಂತಿ. ದನಿಯ ಗುಟ್ಟೆಲ್ಲ ಅಲ್ಲೇ ಇದೆ ಎಂದು ಅವನು ಒಂದು ವಾರ ಜೋಡಿ ಜೋಡಿಯಾಗಿ ಹಾಕಿ ತೆಗೆದ. ಮೊದಲನೆಯದು ಕಿವಿಗೆ ಚುಚ್ಚುತ್ತಿತ್ತು. ಎರಡನೆಯದಕ್ಕೆ ಗಂಟಲು ಕಟ್ಟಿದಂತಿತ್ತು. ಹಳೇ ಕಾಲದ ಮೆದು ಅಯಸ್ಕಾಂತದ ಮೂರನೆಯ ಜೋಡಿ ಹತ್ತಿರ ಬಂತು, ಆದರೆ ಅದೂ ಅಲ್ಲ. ರೆಕಾರ್ಡಿನ ದನಿ, ಖಾಲಿ ಡಬ್ಬಿಯೊಳಗೆ ಕೂತು ಯಾರೋ ಮೂಗಿನಲ್ಲಿ ಹಾಡಿದಂತಿತ್ತು.

ಶನಿವಾರ ಬೆಳಿಗ್ಗೆ ಮೂರನೇ ಜೋಡಿಯನ್ನೇ ಮತ್ತೆ ಕೂರಿಸುವಾಗ ಒಂದು ಪಿಕಪ್ಪಿನ ಎರಡು ವೈರು ಅದಲುಬದಲಾದವು. ಗಮನಿಸದೆ ಎರಡೂ ಪಿಕಪ್ ಒಟ್ಟಿಗೆ ಹಾಕಿ ಮೀಟಿದ. ಅದೇ ದನಿ.

ಅವನು ಬಿಚ್ಚಿ ನೋಡಿದರೆ ವೈರು ಅದಲುಬದಲು. ಇಪ್ಪತ್ತನೇ ವಯಸ್ಸಿನಲ್ಲಿ, ರೆಕಾರ್ಡಿಂಗಿಗೆ ಸ್ವಲ್ಪ ಮುಂಚೆ, ಕಡಿದ ವೈರು ಬೆಸೆಯಲು ಹೋಗಿ ತನ್ನ ಗಿಟಾರಿನಲ್ಲೂ ಇದೇ ಎಡವಟ್ಟು ಮಾಡಿಕೊಂಡಿದ್ದ. ನಿನ್ನ ಗಿಟಾರಿಗೆ ನೆಗಡಿ ಎಂದು ಡ್ರಮ್ಮಿನವನು ಆಡಿಕೊಳ್ಳುತ್ತಿದ್ದ. ಹೀಗೆ ವೈರು ತಿರುವುಮುರುವಾಗಿ, ಎರಡು ಪಿಕಪ್ ಒಂದರ ದನಿಯನ್ನು ಇನ್ನೊಂದು ಕಡಿದಾಗ ಮಾತ್ರ ಹುಟ್ಟುವ ದನಿ ಅದು. ಭಾವನ ಆಗಿನ ಗಿಟಾರಿನಲ್ಲಿ ಇದ್ದದ್ದೇ ಒಂದು ಪಿಕಪ್. ಇವನ ಗಿಟಾರ್ ಆ ಎರಡು ತಿಂಗಳೂ ಇವನ ಮಂಚದ ಪಕ್ಕ ಬಿಟ್ಟು ಕದಲಿರಲಿಲ್ಲ. ಅಂದರೆ ರೆಕಾರ್ಡಿನಲ್ಲಿರುವುದು ಇವನು ಮೊದಲು ನುಡಿಸಿದ್ದೇ. ಸ್ಟುಡಿಯೋದ ದೊಡ್ಡ ಆಂಪ್ಲಿಫೈಯರಿನಲ್ಲಿ ಬೇರೆಯದೇ ಆಗಿ ಕೇಳುತ್ತಿದ್ದ ಆ ದನಿ ತನ್ನದಿರಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಟೇಪು ಕೆಟ್ಟಿತು ಎಂದವನು ಅಕ್ಕನನ್ನು ಮದುವೆಯಾಗುವವನಲ್ಲವೇ, ನಂಬಿದ್ದ.

ಅಂಗಡಿಗೆ ಬೀಗ ಹಾಕಿ ನೇರವಾಗಿ ಅಕ್ಕನ ಮನೆಗೆ ಹೋದ. ಅಕ್ಕ ಬಟ್ಟೆ ಮಡಚುತ್ತಿದ್ದಳು, ಭಾವ ಎದುರಿಗೆ ಕೂತಿದ್ದ.

"ಭಾವ, ಆವತ್ತು ಟೇಪು ಕೆಟ್ಟಿರಲಿಲ್ಲ ಅಲ್ವಾ?"

ಭಾವ ಅಕ್ಕನ ಮುಖ ನೋಡಿದ. ಇನ್ನೇನೂ ಕೇಳಬೇಕಾಗಿರಲಿಲ್ಲ. ಆದರೂ ಭಾವ ಬಹಳ ಮಾತಾಡಿದ. ತಾನು ಹದಿನೈದು ಸಲ ನುಡಿಸಿದರೂ ಕೂಡಿಬರಲಿಲ್ಲವಂತೆ. ಸ್ಟುಡಿಯೋದವರು ಅವಸರ ಮಾಡಿದರಂತೆ. ಕೊನೆಗೆ ಇದ್ದದ್ದನ್ನೇ ಇಟ್ಟುಕೊಂಡು ಹೆಸರು ಮಾತ್ರ ಬದಲಿಸಿದರಂತೆ. ಹೇಳಬೇಕು ಅಂತಲೇ ಇದ್ದೆ, ಸಮಯ ಸಿಗಲಿಲ್ಲ ಎಂದ.

ರಿಪೇರಿಯವನು ಅಕ್ಕನ ಕಡೆ ತಿರುಗಿದ. "ನಿನಗೆ ಯಾವಾಗಿಂದ ಗೊತ್ತು?"

"ಮದುವೆಗೆ ಮುಂಚಿನಿಂದ," ಎಂದಳು ಅಕ್ಕ, ಕೈಯಲ್ಲಿದ್ದ ಟವಲನ್ನು ಬಿಡದೆ. "ನೀನು ಹಾಸಿಗೆ ಹಿಡಿದಿದ್ದೆ ಕಣೋ. ಯಾರದಾದರೂ ಹೆಸರಲ್ಲಿ ಹಾಡು ಹೊರಗೆ ಬರಲಿ ಅಂದ್ಕೊಂಡೆ."

"ಭಾವ ನನಗಿಂತ ಚೆನ್ನಾಗಿ ನುಡಿಸ್ತಾರೆ ಅಂತ ನಾನು ಬಿಟ್ಟುಬಿಟ್ಟೆ. ಅದೂ ನಿನಗೆ ಗೊತ್ತಿತ್ತು."

ಅಕ್ಕ ಟವಲನ್ನು ಮಡಚತೊಡಗಿದಳು. ಭಾವ, ಹಾಗಾದರೆ ಆ ದನಿ ಹೇಗೆ ಬರುತ್ತದೆ ಅಂತ ಗೊತ್ತಾಯಿತಾ ಎಂದು ವಿಚಾರಿಸಿದ.

ಸೋಮವಾರ ಅವನು ಹೊಸ ಗಿಟಾರಿಗೆ ಅದರ ಪಿಕಪ್ಪುಗಳನ್ನೇ ತಿರುಗಿ ಹಾಕಿ ಕಳಿಸಿಕೊಟ್ಟ. ಬೇರೆ ಯಾರಿಗಾದರೂ ತೋರಿಸಿ ಎಂದು ಚೀಟಿ ಇಟ್ಟ. ಆಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡು, ಅಟ್ಟದಿಂದ ತನ್ನ ಗಿಟಾರ್ ಇಳಿಸಿ, ಆ ಸ್ವರಗಳನ್ನು ನುಡಿಸಲು ಕೂತ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಬೆರಳು ತಡವರಿಸಿದವು. ಮೊದಲಿಂದ ಶುರುಮಾಡಿದ, ಮತ್ತೆ ತಡವರಿಸಿದವು. ಸಂಜೆವರೆಗೂ ಕೂತರೂ ಆಗಲಿಲ್ಲ.

ಬುಧವಾರ ಅಕ್ಕ ಅಂಗಡಿಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಅವನು ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಕೈಯಲ್ಲಿದ್ದ ಕೆಲಸ ಮುಂದುವರಿಸಿದ.