ಭಾವ ಹುಡುಕಿದ ಹುಂಜ

ಮಾರ್ಚ್ ಹುಟ್ಟಿದರೆ ಸಾಕು, ನಮ್ಮ ಭಾವ ವರ್ಲಿನ್ ಸ್ಟ್ಯಾಪ್ ಮನೆಮಾತನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟುಬಿಡುತ್ತಾರೆ. ಸೂರು ಸೋರಲಿ, ಹಲ್ಲು ನೋಯಲಿ, ಅಕ್ಕ ಏನು ಹೇಳಿದರೂ ಒಂದೇ ಉತ್ತರ: "ಏಪ್ರಿಲ್ ಮೂರನೇ ಸೋಮವಾರ ಆಗಲಿ, ಆಮೇಲೆ ಹೇಳು." ಆ ಸೋಮವಾರ ನಮ್ಮ ಮಿಸ್ಸೂರಿಯಲ್ಲಿ ಕಾಡು ಟರ್ಕಿ ಕೋಳಿಯ ಬೇಟೆ ಶುರು. ಅದಕ್ಕೆ ಮುಂಚೆ ಬಂದೂಕು ಮುಟ್ಟುವ ಹಾಗಿಲ್ಲ. ಹುಂಜ ಯಾವ ಮರದ ಮೇಲೆ ಮಲಗುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಮೇಯುತ್ತದೆ ಅಂತ ಗುಟ್ಟಾಗಿ ನೋಡಿಟ್ಟುಕೊಳ್ಳಬಹುದು, ಅಷ್ಟೇ. ಭಾವನಿಗೆ ಬೇಟೆಗಿಂತ ಈ ಹೊಂಚೇ ಹೆಚ್ಚು ರುಚಿ.

ಆ ವರ್ಷ ಅವರ ಹುಚ್ಚು ತುಸು ಹೆಚ್ಚೇ ಇತ್ತು. ಹಿಂದಿನ ವರ್ಷ ಭಾವ ಬರಿಗೈಲಿ ಬಂದಿದ್ದರು. ಪಕ್ಕದ ಜಮೀನಿನ ಕಾಯ್ ಲೆಡ್‌ಬೆಟರ್ ಮಾತ್ರ ಎದೆಯಿಂದ ಜೋತುಬೀಳುವ ಕೂದಲ ಗಡ್ಡ ಒಂದು ಗೇಣಿಗೂ ಮೀರಿದ್ದ ಹುಂಜವನ್ನು ಹೊಡೆದಿದ್ದ. ಹೊಡೆದು ಸುಮ್ಮನಿದ್ದನೇ? ಆ ಗಡ್ಡವನ್ನು ತನ್ನ ಗಾಡಿಯ ಕನ್ನಡಿಗೆ ತೂಗುಹಾಕಿಕೊಂಡು ಹನ್ನೆರಡು ತಿಂಗಳು ಊರೆಲ್ಲ ಸುತ್ತಿದ. ಭಾವ ಎದುರಾದಾಗಲೆಲ್ಲ ಗಾಡಿ ನಿಲ್ಲಿಸಿ ಅದನ್ನು ನೀವುತ್ತಾ, "ಏನ್ ವರ್ಲಿನ್, ಮೊಣಕಾಲು ಹೇಗಿದೆ?" ಅನ್ನುತ್ತಿದ್ದ. ಭಾವನ ಮೊಣಕಾಲು ನೋವು ಹಳೆಯದು, ಆದರೆ ಅವನು ಕೇಳುತ್ತಿದ್ದುದು ಮೊಣಕಾಲಿನ ವಿಚಾರ ಅಲ್ಲ ಅಂತ ಎಲ್ಲರಿಗೂ ಗೊತ್ತು.

ಮಾರ್ಚ್ ಹತ್ತೊಂಬತ್ತರಂದು ಅಕ್ಕ ನನಗೆ ಫೋನ್ ಮಾಡಿದಳು. "ಡ್ವೇನ್, ಈಗಲೇ ಬಾ. ನಿಮ್ಮ ಭಾವ ಫ್ರಿಜ್ಜಿನೊಳಗೆ ಹಕ್ಕಿ ಹಿಕ್ಕೆ ಇಟ್ಟಿದ್ದಾನೆ."

ಹೋಗಿ ನೋಡಿದರೆ ನಿಜವೇ. ಬೆಣ್ಣೆ ಇಡುವ ಗಾಜಿನ ಡಬ್ಬಿ, ಅದರೊಳಗೆ ಕಾಗದದ ಮೇಲೆ ಒಂದು ಹಿಕ್ಕೆ. ಭಾವ ಮದುವೆ ಉಂಗುರ ತೋರಿಸುವವರ ಹಾಗೆ ಮುಚ್ಚಳ ತೆಗೆದರು.

"ನೋಡೋ. ಹೇಂಟೆಯದಾದರೆ ಮುದ್ದೆ ಮುದ್ದೆಯಾಗಿರುತ್ತೆ. ಇದು ನೋಡು, ಗಾಳದ ಕೊಕ್ಕೆ ಹಾಗೆ ಬಾಗಿದೆ. ಹುಂಜ! ಈ ಗಾತ್ರದ್ದು ನಾನು ನಲವತ್ತು ವರ್ಷದಲ್ಲಿ ನೋಡಿಲ್ಲ."

"ಭಾವ, ಇದನ್ನ ಬೆಣ್ಣೆ ಡಬ್ಬಿಲಿ ಯಾಕೆ ಇಟ್ಟಿರಿ?"

"ಒಣಗಿದರೆ ಅಳತೆ ಕಮ್ಮಿ ಆಗುತ್ತಲ್ಲ."

ಅಕ್ಕ ಲೂರೀನ್ ಒಲೆಯ ಕಡೆಯಿಂದ ತಿರುಗದೆಯೇ ಹೇಳಿದಳು: "ಆ ಡಬ್ಬಿ ನನ್ನ ಅತ್ತೆಯದು. ಇನ್ನು ಮೇಲೆ ನೀನು ಅದರಲ್ಲೇ ಊಟ ಮಾಡು." ಸ್ವಲ್ಪ ಹೊತ್ತು ಬಿಟ್ಟು, "ಹಕ್ಕಿ ಅಂದ ಮೇಲೆ ನೆನಪಾಯ್ತು, ನಮ್ಮ ಅಂಗಳಕ್ಕೆ..." ಅಂತ ಶುರುಮಾಡಿದಳು.

"ಮೂರನೇ ಸೋಮವಾರ ಆಗಲಿ, ಲೂರೀನ್," ಅಂದರು ಭಾವ.

ಶಾಲೆಯ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ನನಗೂ ಬೆಳಗ್ಗೆ ಬೇರೆ ಕೆಲಸ ಇರಲಿಲ್ಲ. ಮೂರು ವಾರ ಭಾವನ ಬಾಲ ಹಿಡಿದು ಅಲೆದೆ. ಬೆಳಕು ಹರಿಯುವ ಮುಂಚೆ ಟರ್ನಿಪ್ ಹಳ್ಳದ ಮೇಲಿನ ದಿಣ್ಣೆ ಹತ್ತಿ ಕೂರುವುದು. ಭಾವ ಕೈ ಬಾಯಿಗೆ ಹಿಡಿದು ಗೂಬೆಯ ಹಾಗೆ ಕೂಗುವುದು. ಟರ್ಕಿ ಹುಂಜಕ್ಕೆ ವಸಂತದಲ್ಲಿ ಮೈಯೆಲ್ಲ ಸಿಟ್ಟು. ಗೂಬೆ ಕೂಗಿದರೂ ಸಿಟ್ಟು, ಕಾರಿನ ಬಾಗಿಲು ಬಡಿದರೂ ಸಿಟ್ಟು, ತಡೆಯಲಾರದೆ ಮರದ ಮೇಲಿಂದಲೇ ಗುಳುಗುಳುಗುಳು ಅಂತ ಉತ್ತರ ಕೊಟ್ಟು ತನ್ನ ಜಾಗ ತಾನೇ ಹೇಳಿಬಿಡುತ್ತದೆ. ನಮ್ಮದೂ ಹೇಳಿತು. ಎದುರು ಇಳಿಜಾರಿನ ದೊಡ್ಡ ಓಕ್ ಮರ. ಆ ಕೂಗಿಗೆ ನನ್ನ ಕೈಲಿದ್ದ ಕಾಫಿ ಲೋಟ ನಡುಗಿತು. ಭಾವನ ಕಣ್ಣಲ್ಲಿ ನೀರು.

"ಕೇಳಿದೆಯಾ? ಚರ್ಚಿನ ಗಂಟೆ ಇದ್ದ ಹಾಗಿದೆ."

ಬೆಳಕಾದ ಮೇಲೆ ಅದು ಕೆಳಗಿಳಿಯುತ್ತಿತ್ತು. ಬಾಲ ಬೀಸಣಿಗೆ ಮಾಡಿ, ರೆಕ್ಕೆ ನೆಲಕ್ಕೆ ಎಳೆಯುತ್ತಾ ನಾಲ್ಕು ಹೆಜ್ಜೆ ಕುಣಿಯುತ್ತಿತ್ತು. ಎಂಟು ಗಂಟೆ ಆಯಿತೋ ಇಲ್ಲವೋ, ಕಚೇರಿಗೆ ಹೊತ್ತಾದವರ ಹಾಗೆ ಹಳ್ಳದ ಕಡೆ ನಡೆದು ಮಾಯ. ದಿನವೂ ಇದೇ. ಹೆಜ್ಜೆ ಹುಡುಕಿದೆವು, ಉದುರಿದ ಗರಿ ಹುಡುಕಿದೆವು, ಮಣ್ಣಲ್ಲಿ ಹೊರಳಾಡಿದ ಗುಂಡಿ ಹುಡುಕಿದೆವು. ಹಳ್ಳದ ಮರಳಿನ ತನಕ ಹೆಜ್ಜೆ ಇರುತ್ತಿತ್ತು, ಆಮೇಲೆ ಕಲ್ಲು. ಭಾವ ಹಳೆಯ ನಕ್ಷೆಯ ಮೇಲೆ ಗೀಟು ಎಳೆದು ಎಳೆದು ನಕ್ಷೆ ತೂತಾಯಿತು.

ಇದರ ಜೊತೆಗೆ ಕಾಯ್‌ನ ಕಾಟ ಬೇರೆ. ಭಾವನ ಗಾಡಿ ಎಲ್ಲಿ ನಿಂತರೆ ಅಲ್ಲಿ ಹುಂಜ ಅಂತ ಅವನ ಲೆಕ್ಕ. ಅದಕ್ಕೇ ಭಾವ ಗಾಡಿಯನ್ನು ಊರ ಸ್ಮಶಾನದ ಗೇಟಿನಲ್ಲಿ ನಿಲ್ಲಿಸಿ, ಎರಡು ಮೈಲಿ ಕುಂಟುತ್ತಾ ದಿಣ್ಣೆಗೆ ನಡೆದು ಬರುತ್ತಿದ್ದರು. ಕಾಯ್ ನಾಲ್ಕು ದಿನ ಬೆಳಗ್ಗೆ ಗೋರಿಗಳ ಮಧ್ಯೆ ಕೂತು ಗೂಬೆಯಂತೆ ಕೂಗಿದ. ಐದನೇ ದಿನ ತನ್ನ ಗಂಡನ ಗೋರಿಗೆ ಹೂವಿಡಲು ಬಂದ ಮುದುಕಿಯೊಬ್ಬಳು ಪೊದೆಯೊಳಗಿಂದ ಬಂದ ಆ ಕೂಗು ಕೇಳಿ ಹೂವನ್ನು ಅಲ್ಲೇ ಎಸೆದು ಓಡಿದಳಂತೆ. ಕಾಯ್ ಆಮೇಲೆ ಅತ್ತ ಹೋಗಲಿಲ್ಲ.

ಬೇಟೆಗೆ ಇನ್ನು ಒಂಬತ್ತೇ ದಿನ ಉಳಿದಿದ್ದ ಶನಿವಾರ. ಭಾವ ಹುಂಜದ ಹಿಂದೆಯೇ ಹಳ್ಳ ದಾಟಲು ಹೊರಟರು. ನಾನು ಬೇಡ ಅಂದೆ. ಪಾಚಿಗಲ್ಲಿನ ಮೇಲೆ ಆ ಮೊಣಕಾಲು ಇಟ್ಟರು. ಮುಂದಿನದನ್ನು ಹೇಳಬೇಕಾಗಿಲ್ಲ. ಏಪ್ರಿಲ್ ನೀರು, ಸೊಂಟದವರೆಗೆ. ಎಬ್ಬಿಸಿ, ಹಲ್ಲು ಕಟಕಟ ಅನ್ನಿಸುತ್ತಿದ್ದವರನ್ನು ನನ್ನ ಗಾಡಿಗೆ ಹಾಕಿಕೊಂಡು ಮನೆಗೆ ಕರೆತಂದೆ. ಆಗ ಎಂಟೂವರೆ ದಾಟಿತ್ತು. ಆರು ವಾರದಲ್ಲಿ ಆ ಹೊತ್ತಿಗೆ ಭಾವ ಮನೆಯಲ್ಲಿದ್ದುದು ಅದೇ ಮೊದಲು.

ಹಿತ್ತಲ ಕಡೆಯಿಂದ ಅಕ್ಕನ ದನಿ ಕೇಳಿಸಿತು. "ಬಾರಯ್ಯ ದೊರೆ, ಇವತ್ತು ಯಾಕೆ ತಡ? ಯಾರಾದರೂ ತಡೆದರಾ?"

ನಾವಿಬ್ಬರೂ ಮೂಲೆಯಿಂದ ಇಣುಕಿದೆವು. ಅಕ್ಕ ಮನೆಯಂಗಿಯಲ್ಲೇ ನಿಂತು ಬಾಣಲೆಯಿಂದ ಜೋಳದ ಕಾಳು ಎರಚುತ್ತಿದ್ದಳು. ಎದುರಿಗೆ ಆ ಹುಂಜ. ಗಡ್ಡ ಹುಲ್ಲಿಗೆ ತಾಗುತ್ತಿತ್ತು. ಕಾಳು ತಿಂದು, ತಲೆ ಎತ್ತಿ, ಒಗೆದು ಹರವಿದ್ದ ಭಾವನ ಒಳಚಡ್ಡಿಯ ಕಡೆ ನೋಡಿ ಗುಳುಗುಳು ಅಂದಿತು.

ಭಾವ ಗೋಡೆಗೆ ಒರಗಿದರು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹುಂಜ ಮೇಯ್ದು ಹೋದ ಮೇಲೆ ಭಾವ ಕೇಳಿದರು: "ಎಷ್ಟು ದಿನದಿಂದ ಲೂರೀನ್?"

"ಫೆಬ್ರವರಿಯಿಂದ. ಎರಡು ಸಲ ಹೇಳೋಕೆ ಬಂದೆ. ನೀನು ಮೂರನೇ ಸೋಮವಾರ ಆಗಲಿ ಅಂದೆ."

"ಕಾಳು... ಕಾಳು ಯಾಕೆ ಹಾಕಿದೆ?"

"ಹಸಿದು ಬಂದಿತ್ತು. ಬರಿಗೈಲಿ ಕಳಿಸಲಾ?"

ನಗು ಬಂದರೂ ನಾನು ತಡೆದುಕೊಂಡೆ. ಕಾಳು ಹಾಕಿದ ಜಾಗದಲ್ಲಿ ಟರ್ಕಿ ಹೊಡೆಯುವುದು ನಮ್ಮಲ್ಲಿ ಅಪರಾಧ. ಕಾಳನ್ನು ಪೂರ್ತಿ ತೆಗೆದ ಮೇಲೂ ಆ ಜಾಗಕ್ಕೆ ಹತ್ತು ದಿನ ಸೂತಕ ಇದ್ದ ಹಾಗೆ. ಊರಿನಲ್ಲಿ ಈ ಕಾಯ್ದೆಯನ್ನು ಭಾವನಷ್ಟು ಕಟ್ಟುನಿಟ್ಟಾಗಿ ಹಿಡಿದವರು ಇನ್ನೊಬ್ಬರಿಲ್ಲ. ಎಂಟು ವರ್ಷದ ಹಿಂದೆ ಕಾಯ್ ತನ್ನ ಹೊಲದಂಚಿಗೆ ಜೋಳ ಚೆಲ್ಲಿದ್ದನ್ನು ತುಂಬಿದ ಸಭೆಯಲ್ಲಿ ಎದ್ದುನಿಂತು ಹೇಳಿದವರು ಇವರೇ.

ಭಾವ ಬೆರಳು ಮಡಚಿ ಎಣಿಸಿದರು. "ಇವತ್ತೇ ತೆಗೆದರೆ ಮಂಗಳವಾರಕ್ಕೆ ಮುಗಿಯುತ್ತೆ. ಒಂದು ದಿನ ತಾನೇ ತಡ." ಒದ್ದೆ ಬಟ್ಟೆಯನ್ನೂ ಬದಲಿಸದೆ ಅಡುಗೆಮನೆಯ ಜರಡಿ ತಂದು, ಅಂಗಳದಲ್ಲಿ ನಾಲ್ಕು ಕಾಲಾಗಿ ಕೂತು ಹುಲ್ಲಿನೊಳಗಿಂದ ಒಂದೊಂದೇ ಕಾಳು ಹೆಕ್ಕತೊಡಗಿದರು.

"ವರ್ಲಿನ್," ಅಂದಳು ಅಕ್ಕ, "ನೀನು ತೆಗಿ. ನಾಳೆ ನಾನು ಮತ್ತೆ ಹಾಕುತ್ತೇನೆ."

"ಲೂರೀನ್, ಇಪ್ಪತ್ತೈದು ಪೌಂಡ್ ಇದ್ದಾನೆ ಅವನು!"

"ನೀನು ಇನ್ನೂರ ಮೂವತ್ತು ಇದ್ದೀಯ. ನಿನ್ನನ್ನ ಯಾರಾದರೂ ಹೊಡೆದರಾ?"

ಬೇಲಿಯ ಆಚೆ ಯಾರೋ ಕೆಮ್ಮಿದರು. ಕಾಯ್. ನಮ್ಮ ಗಾಡಿಯ ಬೆನ್ನು ಹತ್ತಿ ಬಂದಿದ್ದ. ಒದ್ದೆಯಾಗಿ, ಜರಡಿ ಹಿಡಿದು, ಅಂಬೆಗಾಲಿಟ್ಟಿದ್ದ ಭಾವನನ್ನು ಬಹಳ ಹೊತ್ತು ನೋಡಿದ. "ಏನ್ ವರ್ಲಿನ್, ಮೊಣಕಾಲು ಹೇಗಿದೆ?" ಅಂದವನೇ ಹೊರಟುಹೋದ. ಎಂಟು ವರ್ಷ ಕಾದಿದ್ದನಲ್ಲ, ತಡಮಾಡಲಿಲ್ಲ. ಒಂದು ಗಂಟೆಯೊಳಗೆ ಬೇಟೆ ಕಾಯ್ದೆ ನೋಡಿಕೊಳ್ಳುವ ಅಧಿಕಾರಿ ಟ್ಯಾಲಿ ಹಫ್ ಅನ್ನುವ ಹೆಣ್ಣುಮಗಳ ಗಾಡಿ ಮನೆ ಮುಂದೆ ಬಂದು ನಿಂತಿತು.

ಭಾವ ಆಗಲೂ ನೆಲದ ಮೇಲೇ ಇದ್ದರು. ತಪ್ಪಿತಸ್ಥರ ಮುಖ ಹೇಗಿರುತ್ತದೆ ಅಂತ ಅವತ್ತು ನಾನು ನೋಡಿದೆ, ಅದೂ ಏನೂ ತಪ್ಪು ಮಾಡದವರ ಮೇಲೆ.

"ವರ್ಲಿನ್ ಅವರೇ, ಇದು ನಿಮ್ಮದಾ?" ಅಂದಳು ಆಕೆ, ಕಾಳು ತೋರಿಸಿ.

"ನನ್ನದು," ಅಂದಳು ಅಕ್ಕ. "ಬಾಮ್ಮ, ಒಳಗೆ ಬಾ. ಸೇಬಿನ ಕಡುಬು ಈಗಷ್ಟೇ ಒಲೆಯಿಂದ ಇಳಿಸಿದೆ."

ಕಡುಬು ತಿನ್ನುತ್ತಾ ಹಫ್ ತೀರ್ಪು ಕೊಟ್ಟಳು. ಮನೆಯ ಅಂಗಳದಲ್ಲಿ ಹಕ್ಕಿಗೆ ಕಾಳು ಹಾಕುವುದು ತಪ್ಪಲ್ಲ. ಆ ಹಕ್ಕಿಯನ್ನು ಅಲ್ಲಿ ಹೊಡೆದರೆ ತಪ್ಪು.

"ದಿಣ್ಣೆ ಮೇಲೆ?" ಅಂದರು ಭಾವ, ಸಣ್ಣ ದನಿಯಲ್ಲಿ. "ಓಕ್ ಮರದ ಹತ್ತಿರ?"

"ಅಲ್ಲಿಂದ ಅದು ಎಲ್ಲಿಗೆ ಹೊರಡುತ್ತೆ?"

"ಇಲ್ಲಿಗೆ."

"ಹಾಗಾದರೆ ಊಟಕ್ಕೆ ಹೊರಟವನನ್ನ ದಾರೀಲಿ ತಡೆದ ಹಾಗಾಯ್ತಲ್ಲ. ನೀವು ಆ ದಾರೀಲಿ ಕೂತಿದ್ದರೆ ದಂಡದ ಚೀಟಿ ಬರೀತೀನಿ, ವರ್ಲಿನ್ ಅವರೇ. ಮನಸ್ಸಿಲ್ಲದಿದ್ದರೂ ಬರೀತೀನಿ." ಇನ್ನೊಂದು ತುಂಡು ಕಡುಬು ಕಟ್ಟಿಸಿಕೊಂಡು ಹೋದಳು.

ಆ ವಾರ ಭಾವ ಊಟ ಸರಿಯಾಗಿ ಮಾಡಲಿಲ್ಲ. ದಿನಾ ಎಂಟೂವರೆಗೆ ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತು ದೂರದರ್ಶಕದಲ್ಲಿ ನೋಡುತ್ತಿದ್ದರು. ಹದಿನೈದು ಹೆಜ್ಜೆ ದೂರದ ಹಕ್ಕಿಗೆ ದೂರದರ್ಶಕ ಯಾಕೆ ಅಂದರೆ, "ಕಾಲಿನ ಹಿಂದಿನ ಮುಳ್ಳುಗುರು ಎಷ್ಟು ಉದ್ದ ಅಂತ ನೋಡಬೇಕು ಕಣೋ," ಅನ್ನುತ್ತಿದ್ದರು. ಬುಧವಾರದ ಹೊತ್ತಿಗೆ, "ಇವತ್ತು ಎಡಗಾಲು ಸ್ವಲ್ಪ ಎಳೀತಾ ಇದ್ದಾನೆ, ಮುಳ್ಳುಬೇಲಿ ತಾಗಿರಬೇಕು," ಅಂತ ಚಿಂತೆ ಮಾಡತೊಡಗಿದರು.

ಕೊನೆಗೆ ಆ ಸೋಮವಾರ ಬಂತು. ನಾವು ಹಳ್ಳದ ದಾರಿ ಬಿಟ್ಟು, ಮೂರು ಮೈಲಿ ಆಚೆ ನನ್ನ ಜಮೀನಿನ ಪಶ್ಚಿಮದಂಚಿಗೆ ಹೋದೆವು. ಅಲ್ಲಿ ನಾವು ಒಂದು ದಿನವೂ ಹೊಂಚಿರಲಿಲ್ಲ. ಭಾವ ಸೀಡರ್ ಮರಕ್ಕೆ ಒರಗಿ ಹೇಂಟೆಯ ದನಿಯಲ್ಲಿ ಮೂರೇ ಮೂರು ಸಲ ಕರೆದರು. ಒಂದು ಹುಂಜ ಸಾಲ ವಸೂಲಿಗೆ ಬಂದವನ ಹಾಗೆ ನೇರ ನಡೆದು ಬಂತು. ಒಂದೇ ಏಟು. ಹತ್ತೊಂಬತ್ತು ಪೌಂಡ್, ಗಡ್ಡ ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಏಳೂವರೆಗೆ ಮನೆಗೆ ಬಂದೆವು.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಸತ್ತ ಹಕ್ಕಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಇದು ಅವನಲ್ಲ ತಾನೇ?"

"ಅಲ್ಲ, ನನ್ನಾಣೆ! ಡ್ವೇನನನ್ನ ಕೇಳು. ಮೂರು ಮೈಲಿ ದೂರ!"

"ಅವನಿಗೂ ಕಾಲಿವೆ. ಎಂಟೂವರೆ ತನಕ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತಿರಿ. ಅವನು ಬಂದರೆ ತಿಂಡಿ."

ಕೂತೆವು. ಮಧ್ಯದಲ್ಲಿ ಹಕ್ಕಿಯ ಮೇಲೆ ಗೋಣಿ ಮುಚ್ಚಿತ್ತು. ಎಂಟೂವರೆ ಆಯಿತು, ಯಾರೂ ಇಲ್ಲ. ಒಂಬತ್ತಾಯಿತು. ಅಕ್ಕ ಬಾಣಲೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಭಾವ ಹಣೆ ಒರೆಸಿಕೊಂಡು ನನ್ನ ಕಿವಿಯಲ್ಲಿ, "ಲೋ, ಇದು ಅವನಲ್ಲ ಅಲ್ವೇನೋ?" ಅಂದರು. ಗೋಣಿ ಎತ್ತಿ ಎಡಗಾಲು ನೋಡಿದರು. ಮತ್ತೊಮ್ಮೆ ನೋಡಿದರು. "ಆ ಕಾಯ್ ಏನಾದರೂ..." ಅಂದು ಎದ್ದೇಬಿಟ್ಟರು.

ಒಂಬತ್ತೂ ಇಪ್ಪತ್ತಕ್ಕೆ ಬೇಲಿಯ ಸಂದಿಯಿಂದ ಮೊದಲು ಒಂದು ಹೇಂಟೆ ಬಂತು. ಹಿಂದೆ ಇನ್ನೊಂದು. ಅವುಗಳ ಹಿಂದೆ, ಬಾಲ ಬಿಚ್ಚಿಕೊಂಡು, ಏನೂ ಅವಸರವಿಲ್ಲದೆ, ನಮ್ಮ ದೊರೆ.

"ಬಂದ!" ಅಂತ ಭಾವ ಕೂಗಿದ ರಭಸಕ್ಕೆ ಮೂರೂ ಹಕ್ಕಿ ಅರ್ಧ ಅಡಿ ಎಗರಿದವು. "ಲೂರೀನ್, ಬಂದ ಕಣೇ! ಇಬ್ಬರನ್ನ ಕಟ್ಟಿಕೊಂಡು ಬಂದಿದ್ದಾನೆ!"

"ಕಾಣುತ್ತೆ. ಮೆತ್ತಗೆ ಮಾತಾಡು," ಅಂದಳು ಅಕ್ಕ. ಮುಖ ಮಾತ್ರ ಅರಳಿತ್ತು. "ಆ ನಿನ್ನ ಹಕ್ಕಿನ ಕೊಟ್ಟಿಗೆ ಹಿಂದೆ ಒಯ್ದು ಪುಕ್ಕ ಕೀಳು. ಇವರ ಕಣ್ಣಿಗೆ ಬೀಳೋದು ಬೇಡ."

ಭಾವ ಹಕ್ಕಿಯನ್ನು ಕೋಟಿನೊಳಗೆ ಮುಚ್ಚಿಕೊಂಡು, ಗೋಡೆ ಸವರಿಕೊಂಡು, ಕಳ್ಳನ ಹಾಗೆ ಕೊಟ್ಟಿಗೆಯ ಹಿಂದಕ್ಕೆ ಹೋದರು. ಮಧ್ಯಾಹ್ನ ಅಕ್ಕ ಎದೆಮಾಂಸ ಹಿಟ್ಟಿನಲ್ಲಿ ಅದ್ದಿ ಕರಿದು ಬಡಿಸಿದಳು. ತಾನೂ ಎರಡು ತುಂಡು ಹಾಕಿಕೊಂಡಳು, ಮೂರನೆಯದಕ್ಕೂ ಕೈ ಚಾಚಿದಳು.

"ಅಲ್ಲ ಲೂರೀನ್," ಅಂದರು ಭಾವ, "ಇದೂ ಹುಂಜವೇ ತಾನೇ?"

"ಹೌದು," ಅಂದಳು ಅಕ್ಕ, ಉಪ್ಪು ಉದುರಿಸಿಕೊಳ್ಳುತ್ತಾ. "ಇವನ ಪರಿಚಯ ನನಗಿರಲಿಲ್ಲ."