ಬಲಗಿವಿ

"ಇವ ನನ್ನ ಗಂಡ ಅಲ್ಲ," ಎಂದು ಸುಂದರವ್ವ ಪರದೆಯಿಂದ ಮುಖ ತಿರುಗಿಸಿದಳು.

ಅಫ್ರೀನಳ ಬೆರಳು ಮೌಸಿನ ಮೇಲೆಯೇ ನಿಂತಿತು. ಇಂಡಿ ಪಟ್ಟಣದ ಈ ಸಣ್ಣ ಅಂಗಡಿಯಲ್ಲಿ ಕೂತು ವಾರಗಟ್ಟಲೆ ತಿದ್ದಿದ ಮುಖ ಅದು. ಝಳಕಿ ಊರಿನ ಗರಡಿಮನೆಯ ಮುಂದೆ ಕೂರಬೇಕಾದ ಪೈಲ್ವಾನ ಅಮೋಘಸಿದ್ಧನ ಎದೆಮಟ್ಟದ ಮೂರ್ತಿ. ತಲೆ, ಮೀಸೆ, ಭುಜ, ಕಿವಿ ಎಲ್ಲವೂ ಇನ್ನೂ ಬಿಡಿಬಿಡಿ ತುಣುಕುಗಳು. ಅವನ್ನು ಬೆಸೆದು ಒಂದೇ ಗಟ್ಟಿ ಆಕಾರಕ್ಕೆ ಬದಲಾಯಿಸಿದರೆ ಮಾತ್ರ ಮೂರ್ತಿಯನ್ನು ಅಚ್ಚು ತೆಗೆಯುವ ತ್ರೀಡಿ ಯಂತ್ರ ಒಪ್ಪುತ್ತದೆ. ಇವತ್ತು ಯಂತ್ರ ಹೂಡದಿದ್ದರೆ ತೀರಿಹೋದ ಪೈಲ್ವಾನನ ವರ್ಷದ ಪೂಜೆಗೆ ಮೂರ್ತಿ ಇರುವುದಿಲ್ಲ.

"ಯವ್ವಾ, ಮೂಗ ಅಪ್ಪಂದ ಐತಿ, ಮೀಸಿ ಅಪ್ಪಂದ ಐತಿ. ಮತ್ತೇನ ಬೇಕ ನಿನಗ?" ಎಂದ ಮಗ ಶ್ರೀಶೈಲ.

"ಕಿವಿ. ಇದು ಸಾಲಿ ಮಾಸ್ತರನ ಕಿವಿ. ನಿಮ್ಮಪ್ಪನ ಬಲಗಿವಿ ಹಿಂಗಿತ್ತೇನು?"

ಅಫ್ರೀನಳಿಗೆ ಸಿಕ್ಕ ಫೋಟೊಗಳಲ್ಲೆಲ್ಲ ರುಮಾಲು ಕಿವಿಯ ಮೇಲೆ ಇಳಿದಿತ್ತು. ಅವಳು ಕಂಪ್ಯೂಟರಿನಲ್ಲಿ ಸಿದ್ಧವಿದ್ದ ಕಿವಿಗಳನ್ನೇ ತಂದು ಕೂರಿಸಿದ್ದಳು.

"ಹೆಂಗ ಮುರದಿತ್ತು ಅಂತ ಆ ಮೂಲ್ಯಾಗ ಕುಂತವರನ್ನ ಕೇಳ್ರಿ," ಎಂದಳು ಸುಂದರವ್ವ, ಆ ಕಡೆ ನೋಡದೆ.

ಮೂಲೆಯಲ್ಲಿದ್ದವನು ಅಫ್ರೀನಳ ಅಜ್ಜ ನಬಿಲಾಲ. ಇದು ಯಾರ ಮೊಮ್ಮಗಳ ಅಂಗಡಿ ಎಂಬುದನ್ನು ಶ್ರೀಶೈಲ ತಾಯಿಗೆ ಹೇಳಿರಲಿಲ್ಲ; ಆಕೆ ಒಳಗೆ ಬಂದೊಡನೆ ಗುರುತು ಹಿಡಿದಿದ್ದಳು. ನಬಿಲಾಲನಿಗೂ ಅಮೋಘಸಿದ್ಧನಿಗೂ ನಡೆದ ಒಂದು ಹಳೆಯ ಕುಸ್ತಿಯ ನಂತರ ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಪಕ್ಕದ ಅಂಗಡಿಯ ದರ್ಜಿಯ ಹೊಲಿಗೆ ಯಂತ್ರದ ಸದ್ದು ಗೋಡೆ ದಾಟಿ ಬರುತ್ತಿತ್ತು.

"ಆವತ್ತಿಂದ ಆ ಕಿವಿ ಕೇಳಲೇ ಇಲ್ಲ," ಸುಂದರವ್ವ ಗೋಡೆಗೆ ಹೇಳಿದಳು. "ಜಲ್ಮೆಲ್ಲಾ ಒದರಿ ಒದರಿ ಮಾತಾಡೇನಿ. ನಮ್ಮ ಮನಿ ಗುಟ್ಟ ಓಣಿಗೆಲ್ಲಾ ಗೊತ್ತ."

ಶ್ರೀಶೈಲನಿಗೆ ನಗು ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡ.

ನಬಿಲಾಲ ಎದ್ದು ತಲೆಯ ರುಮಾಲು ಬಿಚ್ಚತೊಡಗಿದ. ಮೊಮ್ಮಗಳೆದುರೂ ಆತ ಅದನ್ನು ಬಿಚ್ಚಿದ್ದು ಕಡಿಮೆ. ಎಡಗಿವಿ ಒಣದ್ರಾಕ್ಷಿಯ ಮುದ್ದೆಯಂತೆ ತನ್ನೊಳಗೇ ಮಡಚಿಕೊಂಡಿತ್ತು.

"ವೈನಿ, ಅವನ ಬಲಗಿವಿ ನನ್ನ ಎಡಗೈಯಾಗಿತ್ತು, ನನ್ನ ಎಡಗಿವಿ ಅವನ ಬಲಗೈಯಾಗ. ಇಬ್ರೂ ಬಿಡಲಿಲ್ಲ. ಎದರಾಬದರ ನಿಂತವರದು ಒಂದ ನಮೂನಿ ಮುರದಾವು. ಇದನ್ನ ತಗೋರಿ."

ಸುಂದರವ್ವ ತಿರುಗಿ ಆ ಕಿವಿಯನ್ನು ನೋಡಿದಳು.

"ಅದು ಕೇಳತೈತೇನು?"

"ಕೇಳತೈತ್ರಿ," ಎಂದ ನಬಿಲಾಲ. ರುಮಾಲು ಮಡಚುತ್ತ, "ಅವಂದು ಹೋಗಿ ನಂದು ಉಳೀತು. ಅದಕ್ಕ ಮಾರಿ ತೋರಸಾಕ ನಾ ನಿಮ್ಮ ಊರಿಗೆ ಬರಲಿಲ್ಲ," ಎಂದ.

ಆಕೆ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟಳು. ಅಫ್ರೀನ ಮೊಬೈಲಿನಲ್ಲಿ ಆ ಕಿವಿಯನ್ನು ಎಲ್ಲ ಬದಿಯಿಂದ ಸೆರೆಹಿಡಿಯುತ್ತ ಅಜ್ಜನ ಸುತ್ತ ಮೆಲ್ಲಗೆ ತಿರುಗಿದಳು. ಕೊಂಚ ಹೊತ್ತಿಗೆ ಬೂದು ಬಣ್ಣದ ಕಿವಿಯೊಂದು ಪರದೆಯ ಮೇಲೆ ಒಂಟಿಯಾಗಿ ತೇಲಿತು. ಕನ್ನಡಿಯಲ್ಲಿ ಕಂಡಂತೆ ಎಡವನ್ನು ಬಲಕ್ಕೆ ಹೊರಳಿಸಿದಳು. ಕಪಾಲಕ್ಕೂ ಕಿವಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿತ್ತು. ಕಿವಿಯನ್ನು ಒಳಕ್ಕೆ ಸರಿಸಿ ಅದನ್ನೂ ಮುಚ್ಚಿದಳು.

"ಆಯೀ, ಈಗ ಒತ್ತಿದ್ರ ಎಲ್ಲಾ ಕೂಡಿ ಒಂದ ಆಗತೈತ್ರಿ. ಅಚ್ಚಿನಾಗ ಬಂದ ಮ್ಯಾಗ ಈ ಕಿವಿ ಅಷ್ಟ ತಗಿ ಅಂದ್ರ ಬರೂದಿಲ್ಲ."

ಸುಂದರವ್ವ ಎದ್ದು ಬಂದಳು. ಪರದೆಯ ಮೇಲಿನ ಬಲಗಿವಿಯ ಹತ್ತಿರಕ್ಕೆ ಬಗ್ಗಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಒತ್ತವಾ," ಎಂದಳು, ಎಷ್ಟು ಗಟ್ಟಿಯಾಗಿ ಎಂದರೆ ಪಕ್ಕದ ಅಂಗಡಿಯ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.